ಸ್ಪೈರ್ ಯಾವುದು, ಸ್ಟೀಪಲ್ ಯಾವುದು?

ರಾಮನಗರ, ಚನ್ನಪಟ್ಟಣ ದಾಟಿ ಮೈಸೂರಿಗೆ ಹೋದರೆ ಸೇಂಟ್ ಫಿಲೋಮಿನಾ ಚರ್ಚ್ ನೋಡದೆ ಬರಬೇಡಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು. ಸುಮಾರು 175 ಅಡಿಯ ಜೋಡಿ ಗೋಪುರ, ಕತ್ತು ನೋಯೋವರೆಗೂ ನೋಡ್ತಾ ನಿಲ್ಲಬಹುದು! ಮೇಲೆ ಸೂಜಿಯಂತೆ ಚೂಪಾಗುವ ಭಾಗವಷ್ಟೇ ಸ್ಪೈರ್. ಕೆಳಗಿನ ಚೌಕ ಬುರುಜನ್ನೂ ಸೇರಿಸಿದರೆ, ಅದು ಸ್ಟೀಪಲ್.

ಇಂಥದ್ದೇ ಲೆಕ್ಕ ನಮ್ಮ ಗುಡಿಗಳಲ್ಲೂ ಇದೆ. ಚನ್ನಪಟ್ಟಣದ ಪಕ್ಕ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನಕ್ಕೆ ಬನ್ನಿ. ಹೆಬ್ಬಾಗಿಲ ಮೇಲಿರೋದು ರಾಜಗೋಪುರ. ಒಳಗೆ ಗರ್ಭಗುಡಿ ಮೇಲೆ ಎದ್ದಿರೋದು ವಿಮಾನ. ದ್ರಾವಿಡ ಶೈಲಿಯಲ್ಲಿ ಶಿಖರ ಅಂದರೆ ಇಡೀ ವಿಮಾನ ಅಲ್ಲ. ಕಲಶದ ಕೆಳಗೇ ಇರುವ ಗುಮ್ಮಟದ ಭಾಗ ಮಾತ್ರ. ರಾಜಗೋಪುರದ ಮುಂದೆ ಸೆಲ್ಫಿ ತೆಗೆದು ಹೊರಟುಬಿಡಬೇಡಿ. ಪ್ರದಕ್ಷಿಣೆ ಹಾಕುವಾಗ ಒಮ್ಮೆ ತಲೆಯೆತ್ತಿ, ಶಿಖರ ಎಲ್ಲಿಂದ ಶುರುವಾಗುತ್ತೆ ಅಂತ ಹುಡುಕಿ.