ದೂರ ನಿಂತು ಮಾಡುವ ಸೇವೆ: ವಿದೇಶದ ಪ್ರಾಣಿಧಾಮಕ್ಕೆ ಹೊರಡುವ ಮುನ್ನ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ, ಒಡೆಯರಪಾಳ್ಯದ ಮೇಲೆ ಹಾಸನೂರಿಗೆ ಹೋಗುವ ರಸ್ತೆಯ ಒಂದು ಮಗ್ಗುಲಿಗೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ಇನ್ನೊಂದು ಮಗ್ಗುಲಿಗೆ 2013ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾದ ಮಲೆ ಮಹದೇಶ್ವರ ಬೆಟ್ಟದ ಕಾಡು. ಮುಸುಕಿನ ಜೋಳ ತೆನೆಗಟ್ಟುವ ಹೊತ್ತಿಗೆ ಅಟ್ಟಣೆ ಏರಿ ರಾತ್ರಿಯೆಲ್ಲ ಕಾವಲು ಕೂರುವ ಈ ಸೀಮೆಯ ರೈತನಿಗೆ, ಆನೆಯಿಂದ ದೂರ ಇರಬೇಕೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಅದೇ ಊರಿನಿಂದ ಬೆಂಗಳೂರು ಸೇರಿ, ಕೈಯಲ್ಲಿ ನಾಲ್ಕು ಕಾಸು ಕೂಡಿಸಿ ವಿದೇಶ ನೋಡಲು ಹೊರಟವರ ಮೊಬೈಲ್‌ಗೆ ಮಾತ್ರ ಬೇರೆಯೇ ಚಿತ್ರ ಬರುತ್ತದೆ. ಹುಲಿಮರಿಗೆ ಬಾಟಲಿ ಹಾಲು ಕುಡಿಸಿ, ಆನೆಯ ಸೊಂಡಿಲು ತಬ್ಬಿ, ಅದಕ್ಕೆ 'ಪ್ರಾಣಿ ಸೇವೆ' ಎಂಬ ಹೆಸರು. ಸೇವೆ ಮಾಡುವ ಮನಸ್ಸು ಒಳ್ಳೆಯದೇ. ಆದರೆ ಹೊರಡುವ ಮುನ್ನ ಈ ವ್ಯವಸ್ಥೆ ನಡೆಯುವ ಬಗೆ ತಿಳಿದಿರಬೇಕು.

ಎಲ್ಲಿ ಕೆಲಸ ಸಿಗುತ್ತದೆ?

ನಮ್ಮ ಸುತ್ತಲಿನ ವನ್ಯಜೀವಿಧಾಮಗಳಲ್ಲಿ ಪ್ರಾಣಿ ತನ್ನ ಪಾಡಿಗೆ ತಾನಿರುತ್ತದೆ. ಅದಕ್ಕೆ ಮೇವು ಹಾಕುವವರು ಬೇಕಿಲ್ಲ. ಅನುಮತಿ ಇಲ್ಲದೆ ಒಳಗೆ ಕಾಲಿಡುವುದೂ ಅಪರಾಧ. ಸ್ವಯಂಸೇವಕರು ಬೇಕಾಗುವುದು ರಕ್ಷಣಾ ಮತ್ತು ಪುನರ್ವಸತಿ ಕೇಂದ್ರಗಳಲ್ಲಿ. ಸರ್ಕಸ್ಸು, ಸವಾರಿ, ಮರ ಎಳೆಯುವ ಕೆಲಸ, ಕಳ್ಳಸಾಗಣೆ ಇವುಗಳಿಂದ ಬಿಡಿಸಿ ತಂದ, ಮತ್ತೆ ಕಾಡಿಗೆ ಬಿಡಲಾಗದ ಪ್ರಾಣಿಗಳು ಕೊನೆಯುಸಿರಿನವರೆಗೂ ಅಲ್ಲೇ ಇರುತ್ತವೆ.

ದುಡ್ಡು ಕೊಟ್ಟು ದುಡಿಯುವುದು

ಇಂಥ ಕಡೆ ಸಂಬಳ ಸಿಗುವುದಿಲ್ಲ. ಬಹುಪಾಲು ಕೇಂದ್ರಗಳಿಗೆ ನೀವೇ ವಾರಕ್ಕಿಷ್ಟು ಎಂದು ಕಟ್ಟಬೇಕು. ಅದರಲ್ಲಿ ನಿಮ್ಮ ಊಟ, ವಸತಿ ಕಳೆದು ಉಳಿದದ್ದು ಮೇವಿಗೆ, ಔಷಧಿಗೆ ಹೋಗುತ್ತದೆ. ನಡುವೆ ಏಜೆನ್ಸಿ ಇದ್ದರೆ ಅದರ ಪಾಲೂ ಸೇರುತ್ತದೆ. ಆದ್ದರಿಂದ ಕೇಂದ್ರಕ್ಕೇ ನೇರವಾಗಿ ಬರೆದು, ಯಾವುದಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿ. ಲೆಕ್ಕ ಹೇಳಲು ಹಿಂಜರಿಯುವ ಕಡೆಗೆ ಹೋಗಬೇಡಿ.

ಕೆಲಸವಾದರೂ ಏನು?

ಕುಯ್ಯುವುದು, ತೊಳೆಯುವುದು, ಗುಡಿಸುವುದು, ಹೊರುವುದು. ಥಾಯ್ಲೆಂಡಿನ ಚಿಯಾಂಗ್ ಮಾಯ್ ಬಳಿಯ ಎಲಿಫೆಂಟ್ ನೇಚರ್ ಪಾರ್ಕ್ ಇದಕ್ಕೆ ಹೆಸರಾದ ಜಾಗ. ಲೆಕ್ ಚೈಲರ್ಟ್ ಎಂಬ ಮಹಿಳೆ ಕಟ್ಟಿದ ಈ ಧಾಮದಲ್ಲಿ ಸವಾರಿ ಇಲ್ಲ, ಆಟ ಆಡಿಸುವುದಿಲ್ಲ. ಬಂದವರು ಲದ್ದಿ ಎತ್ತುತ್ತಾರೆ, ಹುಲ್ಲು ಕೊಯ್ಯುತ್ತಾರೆ, ಲಾರಿಯಿಂದ ಕುಂಬಳ, ಕಲ್ಲಂಗಡಿ ಇಳಿಸಿ ತೊಳೆಯುತ್ತಾರೆ. ಮುದಿ ಆನೆಗಳ ಊಟವೇ ಬೇರೆ. ಆನೆಗೆ ಜೀವಮಾನದಲ್ಲಿ ದವಡೆ ಹಲ್ಲು ಆರು ಸಲ ಬರುತ್ತದೆ. ಕೊನೆಯ ಸಲದ ಹಲ್ಲೂ ಸವೆದರೆ ಹುಲ್ಲು ಅಗಿಯಲಾಗದು. ಹಾಗಾಗಿ ಅನ್ನ, ಬಾಳೆಹಣ್ಣು ಕಲಸಿ ಉಂಡೆ ಕಟ್ಟಬೇಕು. ಕೈಗೆ ಅಂಟುವ ಆ ಉಂಡೆಗಳನ್ನು ಬುಟ್ಟಿಗಟ್ಟಲೆ ಕಟ್ಟುವುದೇ ಅಲ್ಲಿನ ದೊಡ್ಡ ಸೇವೆ. ಆನೆಯನ್ನು ನೋಡಿಕೊಳ್ಳುವುದು ಮಾವುತರ ಪಾಲು.

ಕಳ್ಳಧಾಮದ ಗುರುತು

ಥಾಯ್ಲೆಂಡಿನ ಕಾಂಚನಬುರಿಯಲ್ಲಿ 'ಹುಲಿ ದೇವಾಲಯ'ವೆಂದೇ ಹೆಸರಾದ ಬೌದ್ಧ ವಿಹಾರವೊಂದಿತ್ತು. ಪ್ರವಾಸಿಗರು ದುಡ್ಡು ಕೊಟ್ಟು ಹುಲಿಗಳ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ವಿದೇಶಿ ಸ್ವಯಂಸೇವಕರೂ ಅಲ್ಲಿದ್ದರು. 2016ರಲ್ಲಿ ಸರ್ಕಾರ ದಾಳಿ ಮಾಡಿ 137 ಹುಲಿಗಳನ್ನು ಸಾಗಿಸಿದಾಗ ಫ್ರೀಜರ್‌ನಲ್ಲಿ 40 ಮರಿಗಳ ಹೆಣ ಸಿಕ್ಕವು. ದಕ್ಷಿಣ ಆಫ್ರಿಕಾದ ಕೆಲವು ಸಿಂಹ ಫಾರಂಗಳದು ಇನ್ನೊಂದು ಬಗೆ. 'ಅನಾಥ ಮರಿ' ಎಂದು ಸ್ವಯಂಸೇವಕರ ಮಡಿಲಿಗೆ ಕೊಡುವ ಮರಿ, ಹುಟ್ಟಿದ ಕೆಲವೇ ದಿನಕ್ಕೆ ತಾಯಿಯಿಂದ ಕಿತ್ತು ತಂದದ್ದು. ಅದೇ ಬೆಳೆದು ದೊಡ್ಡದಾದ ಮೇಲೆ ಬೇಲಿಯೊಳಗಿನ ಬೇಟೆಗೆ ಮಾರಾಟವಾಗುತ್ತದೆ. 2015ರ 'ಬ್ಲಡ್ ಲಯನ್ಸ್' ಸಾಕ್ಷ್ಯಚಿತ್ರ ಈ ವ್ಯಾಪಾರವನ್ನು ಬಯಲಿಗೆ ತಂದಿತು.

ಹಾಗಾಗಿ ಕಾಯ್ದಿರಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿ:

• ಇಲ್ಲಿ ಮರಿ ಹಾಕಿಸುತ್ತೀರಾ? ನಿಜವಾದ ಆಶ್ರಯಧಾಮ ಹಾಕಿಸುವುದಿಲ್ಲ.
• ಮುಟ್ಟಲು, ಸ್ನಾನ ಮಾಡಿಸಲು, ಸವಾರಿಗೆ ಬಿಡುತ್ತೀರಾ?
• ಕಳೆದ ವರ್ಷದ ಮರಿಗಳು ಈಗ ಎಲ್ಲಿವೆ?
• ಪ್ರಾಣಿಗಳು ಎಲ್ಲಿಂದ ಬಂದವು, ದಾಖಲೆ ಇದೆಯೇ?

2007ರಲ್ಲಿ ಶುರುವಾದ ಗ್ಲೋಬಲ್ ಫೆಡರೇಶನ್ ಆಫ್ ಅನಿಮಲ್ ಸ್ಯಾಂಕ್ಚುರೀಸ್ ಸಂಸ್ಥೆ ಧಾಮಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಅದರ ಪಟ್ಟಿಯನ್ನೂ ಒಮ್ಮೆ ನೋಡಿ. ನಿಮ್ಮನ್ನು ಪ್ರಾಣಿಯಿಂದ ದೂರ ಇಡುವ ಧಾಮವನ್ನೇ ಆರಿಸಿಕೊಳ್ಳಿ.

ವೀಸಾ, ಲಸಿಕೆ

ಸಂಬಳವಿಲ್ಲದ ಕೆಲಸವನ್ನೂ ಹಲವು ದೇಶಗಳು ಕೆಲಸವೆಂದೇ ಎಣಿಸುತ್ತವೆ. ಪ್ರವಾಸಿ ವೀಸಾ ಸಾಕೇ ಎಂದು ಕೇಂದ್ರವನ್ನೂ ಆ ದೇಶದ ರಾಯಭಾರ ಕಚೇರಿಯನ್ನೂ ಕೇಳಿ, ಉತ್ತರವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ರೇಬೀಸ್‌ಗೆ ಕಡಿತಕ್ಕೆ ಮೊದಲೇ ಹಾಕಿಸಿಕೊಳ್ಳುವ ಲಸಿಕೆ ಇದೆ, ಒಂದು ವಾರದ ಅಂತರದಲ್ಲಿ ಎರಡು ಡೋಸ್ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲಸಿಕೆ ಆಗಿದ್ದರೂ ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು, ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಲೇಬೇಕು. ಕೀನ್ಯಾ, ಉಗಾಂಡಾ ಕಡೆ ಹೋಗುವವರು ಕನಿಷ್ಠ 10 ದಿನ ಮೊದಲು ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳಬೇಕು. ಅದರ ಪ್ರಮಾಣಪತ್ರ ಇಲ್ಲದಿದ್ದರೆ ವಾಪಸು ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇರಿಸಬಹುದು. ಪ್ರವಾಸ ವಿಮೆಯಲ್ಲಿ ಪ್ರಾಣಿಗಳ ನಡುವಿನ ಕೆಲಸಕ್ಕೆ ರಕ್ಷಣೆ ಇದೆಯೇ ಎಂದೂ ನೋಡಿಕೊಳ್ಳಿ.

ಮೊದಲು ಇಲ್ಲೇ

ಇದು ನಿಮ್ಮ ಕೈಲಾಗುವ ಕೆಲಸವೇ ಎಂದು ತಿಳಿಯಲು ವಿಮಾನ ಹತ್ತಬೇಕಿಲ್ಲ. ಬನ್ನೇರುಘಟ್ಟದಲ್ಲಿ ಅರಣ್ಯ ಇಲಾಖೆಯ ಜೊತೆಗೂಡಿ ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಕರಡಿ ರಕ್ಷಣಾ ಕೇಂದ್ರ ನಡೆಸುತ್ತಿದೆ. ಮೂತಿಗೆ ಕಾದ ಸೂಜಿ ಚುಚ್ಚಿ, ಹಗ್ಗ ಪೋಣಿಸಿ, ಹಲ್ಲು ಮುರಿದು ಕುಣಿಸುತ್ತಿದ್ದ ಕರಡಿಗಳಿಗೆ ಅದು ಆಸರೆ. 2009ರಲ್ಲಿ, ದೇಶದ ಬೀದಿಗಳಲ್ಲಿ ಕುಣಿದ ಕೊನೆಯ ಕರಡಿ ಎನ್ನಲಾದ ರಾಜು ಬಂದು ಸೇರಿದ್ದು ಅಲ್ಲಿಗೇ. ಹಲ್ಲಿಲ್ಲದ ಕರಡಿಗಳಿಗೆ ಅಲ್ಲಿ ಗಂಜಿಯೇ ಆಹಾರ. ಇಂಥ ಕಡೆ ಕೆಲವು ದಿನ ಇದ್ದು ನೋಡಿದರೆ ನಿಮ್ಮ ಬೆನ್ನಿನ ಬಲ, ಮೂಗಿನ ಸಹನೆ ಎರಡೂ ಗೊತ್ತಾಗುತ್ತವೆ.

ಊರಿನಲ್ಲೂ ಕೆಲಸ ಕಡಿಮೆಯೇನಿಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ವಿಷ ಬೆರೆತ ಹಸುವಿನ ಮಾಂಸ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಹುಲಿ ಹಸುವನ್ನು ಕೊಂದ ಸಿಟ್ಟಿಗೆ ಹೀಗಾಯಿತೆಂದು ವರದಿಯಾಯಿತು. ಜಾನುವಾರು ಸತ್ತರೆ, ಬೆಳೆ ಹಾಳಾದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆದರೆ ಫೋಟೋ, ಪಹಣಿ, ಅರ್ಜಿ ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಜೋಡಿಸುವುದು ಎಲ್ಲರಿಗೂ ಸುಲಭವಲ್ಲ. ಬಂಡೀಪುರ, ನಾಗರಹೊಳೆ ಅಂಚಿನ ಹಳ್ಳಿಗಳಲ್ಲಿ 2015ರಿಂದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನ 'ವೈಲ್ಡ್ ಸೇವೆ' ಯೋಜನೆ ಮಾಡುತ್ತಿರುವುದು ಇದನ್ನೇ. ಫೋನ್ ಮಾಡಿದ ರೈತನ ಹೊಲಕ್ಕೇ ಹೋಗಿ ಅರ್ಜಿ ತುಂಬಿಸಿಕೊಡುತ್ತಾರೆ. ಗಾಯಗೊಂಡ ಪ್ರಾಣಿ ಕಂಡರೆ ಮನೆಗೆ ತಂದು ಸಾಕದೆ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಕರೆ ಮಾಡಿ. ನೆರೆಯವನ ಪರಿಹಾರದ ಅರ್ಜಿಯನ್ನು ನೀವೇ ಕೂತು ತುಂಬಿಸಿಕೊಡಿ. ಹುಲಿಗೆ ಸಲ್ಲುವ ಸೇವೆಯಲ್ಲಿ ಇದಕ್ಕಿಂತ ಹತ್ತಿರದ್ದೂ ಅಗ್ಗದ್ದೂ ಇನ್ನೊಂದಿಲ್ಲ.