ಸ್ಕೋರು ಬರೆದವನಿಗೊಂದು ಹಾರ ಬೇಡವೇ?

ನೆಲಮಂಗಲ: ಹೋಬಳಿ ಮಟ್ಟದ ಟೆನಿಸ್ ಬಾಲ್ ಟೂರ್ನಮೆಂಟ್ ಆದರೂ ಸರಿ, ಬಹುಮಾನ ವಿತರಣೆ ಅಂದಮೇಲೆ ಶಾಮಿಯಾನ, ಮೈಕು, ಮೈಸೂರು ಪೇಟ ಇರಲೇಬೇಕು. ಟ್ರೋಫಿ ಕೊಡಿಸಿದ ಮುಖಂಡರಿಗೆ ಹಾರ. ಊಟ ಹಾಕಿಸಿದವರಿಗೆ ಶಾಲು. ಅಂಪೈರಿಗೆ ಟೀ ಶರ್ಟು. ವಂದನಾರ್ಪಣೆಯಲ್ಲಿ ಜನರೇಟರ್ ತಂದವನ ಹೆಸರೂ ಬರುತ್ತದೆ. ಬಾರದೆ ಉಳಿಯುವ ಹೆಸರು ಒಂದೇ. ಬೆಳಗಿನಿಂದ ಸಂಜೆವರೆಗೆ ಪ್ಲಾಸ್ಟಿಕ್ ಕುರ್ಚಿಗೆ ಅಂಟಿಕೊಂಡು ಕೂತು ಸ್ಕೋರು ಹಾಕಿದವನದು.

ಹಿಂದೆ ಅವನ ಕೈಲಿ ಉದ್ದನೆಯ ಪುಸ್ತಕ, ಪೆನ್ಸಿಲು ಇರುತ್ತಿದ್ದವು. ಈಗ ಬಹಳ ಕಡೆ ಮೊಬೈಲ್ ಬಂದಿದೆ. ಚೆಂಡು ಬಿದ್ದ ತಕ್ಷಣ ಒಂದು ಒತ್ತು. ಅಷ್ಟರಲ್ಲೇ ಹೊಸಕೋಟೆಯ ಅಂಗಡಿಯಾತ ಗಿರಾಕಿಗೆ ಚಿಲ್ಲರೆ ಎಣಿಸಿಕೊಡುತ್ತಾ ತನ್ನೂರ ತಂಡದ ಸ್ಕೋರು ನೋಡುತ್ತಾನೆ. ದೊಡ್ಡಬಳ್ಳಾಪುರದ ಮಗ್ಗದ ಪಾಳಿಗೆ ಹೋದ ಅಣ್ಣ, ತಮ್ಮ ಔಟಾದನೋ ಇಲ್ಲವೋ ತಿಳಿದುಕೊಳ್ಳುತ್ತಾನೆ. ದೇವನಹಳ್ಳಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರಿಗೂ ಆಟ ಸಿಗುತ್ತದೆ. ‘ಆನ್‌ಲೈನ್‌ನಲ್ಲಿ ಬಂತು’ ಅಂತಾರೆ ಎಲ್ಲರೂ. ತಾನೇ ತಾನಾಗಿ ಬಂತೇ? ಬಿಸಿಲಲ್ಲಿ ಕೂತು ಹಾಕಿದವರು ಒಬ್ಬರಿದ್ದಾರೆ, ಸ್ವಾಮಿ.

ಅಂಗಡಿ ಲೆಕ್ಕಕ್ಕಿಂತ ಬಿಗಿ

ಸ್ಕೋರು ಹಾಕುವುದೆಂದರೆ ರನ್ ಕೂಡುವುದು ಮಾತ್ರವಲ್ಲ. ಒಂದೊಂದು ಎಸೆತವನ್ನೂ ಮೂರು ಕಡೆ ಬರೆಯಬೇಕು: ಬ್ಯಾಟ್ಸ್‌ಮನ್ ಖಾತೆಗೆ, ಬೌಲರ್ ಖಾತೆಗೆ, ಒಟ್ಟು ಮೊತ್ತಕ್ಕೆ. ಬ್ಯಾಟ್ಸ್‌ಮನ್‌ಗಳ ರನ್ ಎಲ್ಲ ಕೂಡಿ, ಇತರೆ ರನ್ ಸೇರಿಸಿದರೆ ಮೊತ್ತ ಬರಬೇಕು. ಬೌಲರ್‌ಗಳು ಕೊಟ್ಟದ್ದನ್ನು ಕೂಡಿ, ಅವರ ತಲೆಗೆ ಕಟ್ಟದ ಬೈ, ಲೆಗ್ ಬೈ, ದಂಡದ ರನ್ ಸೇರಿಸಿದರೂ ಅದೇ ಮೊತ್ತ ಬರಬೇಕು. ಬಾರದಿದ್ದರೆ ಎಲ್ಲೋ ಎಡವಟ್ಟಾಗಿದೆ ಎಂದೇ ಅರ್ಥ. ರಾತ್ರಿ ಶಟರ್ ಎಳೆಯುವ ಮುಂಚೆ ಗಲ್ಲಾಪೆಟ್ಟಿಗೆಗೂ ದಿನವಹಿಗೂ ತಾಳೆ ಹಾಕುವ ವ್ಯಾಪಾರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ವ್ಯಾಪಾರಿ ದಿನಕ್ಕೊಮ್ಮೆ ತಾಳೆ ನೋಡಿದರೆ ಸಾಕು. ಸ್ಕೋರರ್ ಆಟ ನಡೆಯುತ್ತಿರುವಾಗಲೇ ಮತ್ತೆ ಮತ್ತೆ ನೋಡಬೇಕು.

ಅದಕ್ಕೇ ಕ್ರಿಕೆಟ್ ನಿಯಮಾವಳಿಯ 3ನೇ ನಿಯಮವನ್ನು ಪೂರಾ ಸ್ಕೋರರ್‌ಗಳಿಗೇ ಮೀಸಲಿಟ್ಟಿದ್ದಾರೆ. ಸ್ಕೋರರ್ ಒಬ್ಬರಲ್ಲ, ಇಬ್ಬರಿರಬೇಕು. ಇಬ್ಬರ ಲೆಕ್ಕವೂ ಆಗಾಗ ತಾಳೆಯಾಗಬೇಕು. ಅಂಪೈರ್ ಕೈ ಎತ್ತಿ ಸಂಜ್ಞೆ ಕೊಟ್ಟರೆ ಸ್ಕೋರರ್ ತಿರುಗಿ ಸಂಜ್ಞೆ ಮಾಡಬೇಕು. ಅದು ಸಿಗುವ ತನಕ ಮುಂದಿನ ಎಸೆತಕ್ಕೆ ಅಂಪೈರ್ ಬಿಡುವಂತಿಲ್ಲ. ಅಂದರೆ ಎಂಥ ಸ್ಟಾರ್ ಬೌಲರ್ ಆದರೂ ಬೇಲಿಯಾಚೆ ಕೂತವನ ಒಪ್ಪಿಗೆಗೆ ಕಾಯಲೇಬೇಕು!

ನಮ್ಮ ಊರಾಟಗಳಲ್ಲಿ ಇಬ್ಬರಿರಲಿ, ಒಬ್ಬ ಸಿಕ್ಕಿದರೇ ಪುಣ್ಯ. ಟೀಮಿನಲ್ಲಿ ಜಾಗ ಸಿಗದ ಹುಡುಗನನ್ನೋ ಕಾಲು ಉಳುಕಿಸಿಕೊಂಡವನನ್ನೋ ಹಿಡಿದು ಕೂರಿಸುತ್ತಾರೆ. ಒಂದು ರನ್ ಹೆಚ್ಚುಕಮ್ಮಿ ಆಯಿತೋ, ಎರಡೂ ತಂಡದವರು ಅವನ ಸುತ್ತ ಮುತ್ತಿಕೊಳ್ಳುತ್ತಾರೆ. ಸರಿಯಾಗಿದ್ದರೆ ಯಾರೂ ತಿರುಗಿಯೂ ನೋಡುವುದಿಲ್ಲ.

ಆಲೂರಿನಲ್ಲಿ ಆದ ವಿಶ್ವದಾಖಲೆ

ಇದೇ ತುಮಕೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಆಲೂರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನಗಳಿವೆ. 2022ರ ಜೂನ್‌ನಲ್ಲಿ ಅಲ್ಲಿ ಮುಂಬೈ, ಉತ್ತರಾಖಂಡ ನಡುವೆ ರಣಜಿ ಕ್ವಾರ್ಟರ್ ಫೈನಲ್ ನಡೆಯಿತು. ಮುಂಬೈ ಗೆದ್ದದ್ದು 725 ರನ್ನುಗಳಿಂದ. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ರನ್ ಲೆಕ್ಕದಲ್ಲಿ ಅಷ್ಟು ದೊಡ್ಡ ಗೆಲುವು ಅದುವರೆಗೆ ಆಗಿರಲಿಲ್ಲ. ಹಿಂದಿನ ದಾಖಲೆ 685, ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ತಂಡದ್ದು. ಅದು ತೊಂಬತ್ತಕ್ಕೂ ಹೆಚ್ಚು ವರ್ಷ ಉಳಿದಿತ್ತು.

ಅದೇ ವಾರ ಬೆಂಗಳೂರಿನ ಜಸ್ಟ್ ಕ್ರಿಕೆಟ್ ಅಕಾಡೆಮಿ ಮೈದಾನದಲ್ಲಿ ಜಾರ್ಖಂಡ್ ಮೇಲೆ ಬಂಗಾಳದ ಮೊದಲ ಒಂಬತ್ತು ಬ್ಯಾಟ್ಸ್‌ಮನ್‌ಗಳೂ ಐವತ್ತು ದಾಟಿದರು. ಅದೂ ದಾಖಲೆಯೇ. ಒಂಬತ್ತನೆಯವನಾಗಿ ಬಂದ ಆಕಾಶ್ ದೀಪ್ 18 ಎಸೆತಕ್ಕೆ 53 ಹೊಡೆದರು, ಅದರಲ್ಲಿ 8 ಸಿಕ್ಸರ್. ನೋಡುವವನಿಗೆ ಚಪ್ಪಾಳೆ, ಬರೆಯುವವನಿಗೆ ಬೆವರು. ಹೊಡೆದವರ ಹೆಸರು ಊರಿಗೆಲ್ಲ ಗೊತ್ತು. 725 ಎಂದು ಸರಿಯಾಗಿ ಬರೆದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಸಂಬಳವಿಲ್ಲದೆ ಕಟ್ಟಿದ ಮನೆ

ಇವತ್ತು ಜಗತ್ತೆಲ್ಲ ನೋಡುವ ಕ್ರಿಕ್‌ಇನ್ಫೋ ಶುರುವಾದದ್ದೂ ಹೀಗೇ, ಬಿಟ್ಟಿ ದುಡಿಮೆಯಿಂದ. 1993ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿದ್ದ ಬ್ರಿಟಿಷ್ ಸಂಶೋಧಕ ಸೈಮನ್ ಕಿಂಗ್ ಅದನ್ನು ಆರಂಭಿಸಿದರು. ಅಮೆರಿಕದಲ್ಲಿ ಆಗ ಕ್ರಿಕೆಟ್ ಸ್ಕೋರು ಸಿಗುವುದೇ ಕಷ್ಟ. ಅಲ್ಲಿ ಓದಲು ಹೋಗಿದ್ದ ನಮ್ಮ ದೇಶದ ಹುಡುಗರು ಸೇರಿದಂತೆ ಎಷ್ಟೋ ಜನ ನಿದ್ದೆಗೆಟ್ಟು ಸ್ಕೋರು ಟೈಪ್ ಮಾಡಿದರು, ಹಳೆಯ ಪಂದ್ಯಗಳ ಲೆಕ್ಕವನ್ನೂ ತುಂಬಿದರು. ಸಂಬಳವಿಲ್ಲ, ಸನ್ಮಾನವಿಲ್ಲ. 2003ರಲ್ಲಿ ಅದು ವಿಸ್ಡನ್ ಪಾಲಾಯಿತು, 2007ರಲ್ಲಿ ಇಎಸ್‌ಪಿಎನ್ ಕೊಂಡಿತು. ಮನೆ ದೊಡ್ಡದಾಯಿತು. ಅಡಿಪಾಯದ ಕಲ್ಲು ಹೊತ್ತವರು ಮರೆಗೆ ಸರಿದರು.

ಬರೆಯದಿದ್ದರೆ ಹೊಡೆದಂತಲ್ಲ

1899ರಲ್ಲಿ ಇಂಗ್ಲೆಂಡಿನ ಕ್ಲಿಫ್ಟನ್ ಕಾಲೇಜಿನಲ್ಲಿ ಎ.ಇ.ಜೆ. ಕಾಲಿನ್ಸ್ ಎಂಬ 13 ವರ್ಷದ ಹುಡುಗ ಔಟಾಗದೆ 628 ಹೊಡೆದ. ಬರೆದವರೂ ಶಾಲಾ ಹುಡುಗರೇ. ಆ ಲೆಕ್ಕದಲ್ಲಿ ಇಪ್ಪತ್ತು ರನ್ ಆಚೆ ಈಚೆ ಇದ್ದೀತು ಎಂದು ಸ್ಕೋರರ್ ಹೇಳಿದನೆಂಬ ಮಾತು ಇವತ್ತಿಗೂ ಹಿಂದೆ ಬಿಟ್ಟಿಲ್ಲ. ಆ ದಾಖಲೆ ಮುರಿದದ್ದು 2016ರ ಜನವರಿಯಲ್ಲಿ. ಮುಂಬೈ ಹತ್ತಿರದ ಕಲ್ಯಾಣದಲ್ಲಿ ಆಟೊ ಚಾಲಕರ ಮಗ ಪ್ರಣವ್ ಧನಾವಡೆ ಶಾಲಾ ಪಂದ್ಯದಲ್ಲಿ ಔಟಾಗದೆ 1009 ಹೊಡೆದ. 327 ಎಸೆತಗಳ ಲೆಕ್ಕವನ್ನೂ ಯಾರೋ ಕೂತು ಬರೆದಿದ್ದರು. ಅದಕ್ಕೇ ಆ ಹುಡುಗನ ಹೆಸರು ಜಗತ್ತು ಸುತ್ತಿತು. ಬರೆಯದೆ ಹೋಗಿದ್ದರೆ? ‘ಏನೋ ಸಿಕ್ಕಾಪಟ್ಟೆ ಹೊಡೆದನಂತೆ’ ಎಂಬ ಟೀ ಅಂಗಡಿ ಮಾತಾಗಿ ಮುಗಿಯುತ್ತಿತ್ತು.

ನಮ್ಮ ತಾಲ್ಲೂಕುಗಳ ಹುಡುಗರಿಗೂ ಇದೇ ಮಾತು ಅನ್ವಯ. ಸೆಲೆಕ್ಷನ್‌ಗೆ ಹೋದಾಗ ‘ಎಲ್ಲಿ ಆಡಿದೀಯಪ್ಪ, ಎಷ್ಟು ಹೊಡೆದಿದೀಯ?’ ಅಂತ ಕೇಳಿದರೆ ಬಾಯಿಮಾತು ನಡೆಯುವುದಿಲ್ಲ. ದೊಡ್ಡ ಅಕಾಡೆಮಿಗೆ ಫೀಸು ಕಟ್ಟಲಾಗದವನ ಕೈಲಿ ಇರುವ ಆಸ್ತಿ ಅಂದರೆ ಆ ಸ್ಕೋರೇ. ಅದನ್ನು ಗಳಿಸುವವನು ಅವನು. ಜೋಪಾನ ಮಾಡಿ ಇಡುವವನು ಕುರ್ಚಿ ಮೇಲಿನ ಹುಡುಗ.

ಸಂಘಟಕರು ಇವರಿಗಾಗಿ ಭಾರಿ ಖರ್ಚು ಮಾಡಬೇಕಿಲ್ಲ. ಕೂರಲು ನೆರಳು, ಪಕ್ಕಕ್ಕೆ ಲೆಕ್ಕ ತಾಳೆ ನೋಡುವ ಇನ್ನೊಬ್ಬ, ಮೊಬೈಲ್ ಚಾರ್ಜಿಗೆ ಒಂದು ವೈರು, ಹೊತ್ತಿಗೆ ಸರಿಯಾಗಿ ಊಟ, ದಿನದ ಕೂಲಿಯಷ್ಟಾದರೂ ಕಾಸು. ಕರಪತ್ರದಲ್ಲಿ ನಲವತ್ತು ಹೆಸರು ಹಾಕಿಸುವವರಿಗೆ ನಲವತ್ತೊಂದನೆಯದು ಭಾರವೇ? ಮುಂದಿನ ಭಾನುವಾರ ಎಲ್ಲೋ ಒಂದು ಕಡೆ ಫೈನಲ್ ಇದ್ದೇ ಇರುತ್ತದೆ. ಮೈಕು ಹಿಡಿದವರು ಆ ಹುಡುಗನ ಹೆಸರನ್ನೊಮ್ಮೆ ಕೂಗಿ ನೋಡಲಿ. ಚಪ್ಪಾಳೆ ಎಷ್ಟು ಬಿತ್ತು ಅಂತ ಮಾತ್ರ ಅವನನ್ನೇ ಬರೆದುಕೊಳ್ಳಲು ಹೇಳಬೇಡಿ!