ಒಗ್ಗೂಡಿದ ಪರಮಾಣುಗಳ ಬೆಳಕು



ಒಲೆಯ ಉರಿಗೆ ಒಂದು ಚಿಟಿಕೆ ಉಪ್ಪನ್ನು ಎರಚಿದರೆ ಜ್ವಾಲೆಯು ಹಳದಿಯ ಬಣ್ಣವನ್ನು ತಾಳುವುದಷ್ಟೆ. ಅದು ಉಪ್ಪಿನಲ್ಲಿರುವ ಸೋಡಿಯಂ ಪರಮಾಣುಗಳ ಬೆಳಕು. ಬೆಂಕಿಯಿಂದ ಪಡೆದ ಶಕ್ತಿಯನ್ನು ಪ್ರತಿಯೊಂದು ಪರಮಾಣುವೂ ಒಂದು ಪ್ರಕಾಶಕಣವಾಗಿ ಹೊರಸೂಸಿ ಶಾಂತವಾಗುತ್ತದೆ. ಈ ಕಾರ್ಯದಲ್ಲಿ ನೆರೆಯ ಪರಮಾಣುವಿನ ಗೊಡವೆ ಅದಕ್ಕಿಲ್ಲವೆಂಬುದು ವಾಡಿಕೆಯ ಎಣಿಕೆಯಾಗಿತ್ತು. ಈ ಎಣಿಕೆ ಎಲ್ಲೆಡೆಯೂ ಸಲ್ಲದೆಂದು 1954ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ರಾಬರ್ಟ್ ಡಿಕಿ ಎಂಬ ವಿಜ್ಞಾನಿ ತೋರಿಸಿಕೊಟ್ಟರು.

ಜಾತ್ರೆಯ ತೇರನ್ನು ನೆನೆಯಿರಿ. ನೂರು ಜನರು ತಮತಮಗೆ ತೋರಿದ ದಿಕ್ಕಿಗೆ ಹಗ್ಗವನ್ನು ಜಗ್ಗಿದರೆ ಸುಮಾರು ಹತ್ತು ಜನರ ಬಲವಷ್ಟೇ ಉಳಿದೀತು. ಒಂದೇ ಕಡೆಗೆ ಎಳೆದರೆ ನೂರು ಜನರ ಬಲವೂ ಸಾರ್ಥಕ. ಬೆಳಕಿನ ಅಲೆಗಳೂ ಹೀಗೆಯೇ ಕೂಡುತ್ತವೆ. ಆದರೆ ಬೆಳಕಿನ ಕಾಂತಿಯು ಅಲೆಯ ಎತ್ತರದ ವರ್ಗವನ್ನು ಅನುಸರಿಸುತ್ತದೆ. ಆದಕಾರಣ ಹೊಂದಿಕೆಯಿಲ್ಲದ ನೂರು ಪರಮಾಣುಗಳ ಕಾಂತಿ ಒಂದರದಕ್ಕಿಂತ 100 ಮಡಿಯಾದರೆ, ಹೊಂದಿ ನಡೆದ ನೂರರದು 10,000 ಮಡಿ.

ಬೆಳಕನ್ನು ಚದುರಿಸುವಾಗಲೂ ಇದೇ ನ್ಯಾಯ. ಗಾಳಿಯ ಅಣುಗಳು ಕ್ರಮವಿಲ್ಲದೆ ಹರಡಿರುವುದರಿಂದ ಅವು ಚದುರಿಸಿದ ಬೆಳಕು ಎಲ್ಲ ಕಡೆಗೂ ಹಬ್ಬಿ ಆಕಾಶವನ್ನು ಬೆಳಗುತ್ತದೆ. ಸ್ಫಟಿಕದಲ್ಲಾದರೋ ಪರಮಾಣುಗಳು ಸಾಲುಗಟ್ಟಿ ನಿಂತಿವೆ. ಪಕ್ಕಕ್ಕೆ ಹೊರಟ ಅಲೆಗಳು ಒಂದನ್ನೊಂದು ಅಳಿಸುತ್ತವೆ. ಮುಂದಕ್ಕೆ ಹೊರಟವು ಒಂದುಗೂಡುತ್ತವೆ. ಸ್ಫಟಿಕದ ತಿಳಿತನಕ್ಕೆ ಇದೇ ಕಾರಣ.

ತಾವಾಗಿಯೇ ಬೆಳಕು ಸೂಸುವ ಪರಮಾಣುಗಳನ್ನು ಹೀಗೆ ಹೊಂದಿಸುವವರು ಯಾರು? ಇದಕ್ಕೆ ಉತ್ತರ ಕೊಡುವುದು ಕ್ವಾಂಟಂ ಸಿದ್ಧಾಂತ. ಬೆಳಕಿನ ಒಂದು ಅಲೆಯ ಉದ್ದಕ್ಕಿಂತ ಕಿರಿದಾದ ಸ್ಥಳದಲ್ಲಿ ಶಕ್ತಿ ತುಂಬಿದ ನೂರು ಪರಮಾಣುಗಳಿವೆಯೆಂದು ಭಾವಿಸಿರಿ. ಒಂದು ಪ್ರಕಾಶಕಣ ಹೊರಬಿದ್ದಾಗ ಅದು ಯಾವ ಪರಮಾಣುವಿನದೆಂದು ಹೇಳುವುದು ತತ್ತ್ವತಃ ಅಸಾಧ್ಯ. ಈ ಅಭೇದವೇ ಅವುಗಳನ್ನು ಬಿಗಿಯುವ ಹಗ್ಗ. ಮೊದಮೊದಲು ಅವು ಬಿಡಿಬಿಡಿಯಾಗಿಯೇ ಬೆಳಗುತ್ತವೆ. ಒಂದೊಂದು ಕಣ ಹೊರಟಂತೆಲ್ಲ ನಂಟು ಬಲಿಯುತ್ತದೆ. ಅರ್ಧದಷ್ಟು ಶಕ್ತಿ ವ್ಯಯವಾಗುವ ಹೊತ್ತಿಗೆ ಬೆಳಕಿನ ವೇಗವಾದ ಸುರಿತವು, ಡಿಕಿಯವರ ಗಣಿತದಂತೆ, ಒಂಟಿ ಪರಮಾಣುವಿನದಕ್ಕಿಂತ 2,550 ಮಡಿಯಾಗುತ್ತದೆ. ಅವು ಬೇರೆಬೇರೆಯಾಗಿದ್ದಿದ್ದರೆ ಅದು 50 ಮಡಿಯನ್ನು ಮೀರುತ್ತಿರಲಿಲ್ಲ.

ಹಾಗಾದರೆ ಇಷ್ಟೊಂದು ಶಕ್ತಿ ಬಂದುದೆಲ್ಲಿಂದ? ಎಲ್ಲಿಂದಲೂ ಬರಲಿಲ್ಲ. ಹೊರಟ ಕಣಗಳು ಆಗಲೂ ನೂರೇ, ಈಗಲೂ ನೂರೇ; ಕಾಲ ಮಾತ್ರ ಕುಗ್ಗಿತು. ತಿಂಗಳ ಸಂಬಳವನ್ನು ಒಂದೇ ಸಂತೆಯಲ್ಲಿ ಸುರಿದಂತಾಯಿತು. 1973ರಲ್ಲಿ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯವರು ಹೈಡ್ರೋಜನ್ ಫ್ಲೋರೈಡ್ ಅನಿಲದಲ್ಲಿ ಇದನ್ನು ಪ್ರತ್ಯಕ್ಷ ಕಂಡರು. ಕ್ಷಣಕಾಲದ ಮೌನದ ತರುವಾಯ, ಕೆಂಪಿನಿಂದಾಚೆಯ ಕಣ್ಣಿಗೆ ಕಾಣದ ಬೆಳಕು ಒಮ್ಮೆಲೇ ಸಿಡಿಯಿತು.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಪರಮಾಣುಗಳ ಅಲೆಗಳು ಒಂದಕ್ಕೊಂದು ಇದಿರಾದರೆ ಬೆಳಕು ಹೊರಬರಲಾರದೆ ಅವುಗಳಲ್ಲಿಯೇ ಬಹುಕಾಲ ಅಡಗಿರಬಲ್ಲದು. ಒಲೆಯ ಜ್ವಾಲೆಯ ತಾಕಲಾಟದಲ್ಲಿ ಈ ಒಗ್ಗಟ್ಟು, ಈ ವಿರೋಧ ಎರಡೂ ನಿಲ್ಲಲಾರವು. ಆದುದರಿಂದಲೇ ಹಳೆಯ ಎಣಿಕೆ ಅಷ್ಟುಕಾಲ ಸರಿಯೆಂದು ತೋರಿತು. ಒಂದು ಪರಮಾಣುವನ್ನು ಅರಿತಮಾತ್ರಕ್ಕೆ ನೂರನ್ನು ಅರಿತಂತಾಗಲಿಲ್ಲ.